ಕಿವಿಗೆ ಮುಟ್ಟದ ಕೈ

ನಮ್ಮ ಹಿತ್ತಲಲ್ಲಿ ಬಾವಿಯ ಪಕ್ಕ ಒಂದು ಚಪ್ಪಡಿ ಕಲ್ಲಿತ್ತು. ಅದರ ಮೈತುಂಬ ಸಣ್ಣ ಸಣ್ಣ ಅಲೆಗಳು. ಯಾರೂ ಕೆತ್ತಿದ್ದಲ್ಲ, ಗುಡ್ಡದಿಂದ ಬಂಡಿಯಲ್ಲಿ ಹೇರಿ ತಂದಾಗಲೇ ಹಾಗಿತ್ತಂತೆ. ಬಟ್ಟೆ ಒಗೆಯಲು ಅದರಂಥ ಕಲ್ಲು ಇನ್ನೊಂದಿಲ್ಲ ಎಂದು ಓಣಿಯ ಹೆಂಗಸರೆಲ್ಲ ನಮ್ಮ ಹಿತ್ತಲಿಗೇ ಬರುತ್ತಿದ್ದರು. ಅವರು ಬರುವ ಮೊದಲು, ದಿನಾ ಬೆಳಿಗ್ಗೆ, ಅವ್ವ ಆ ಕಲ್ಲಿನ ಮೇಲೆ ಕೂತು ಅಕ್ಕನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಳು. ನನಗೆ ಎಂಟು ತುಂಬುವುದರೊಳಗೇ ಹಣಿಗೆಯನ್ನು ಕೈಗೆ ಕೊಟ್ಟು ನಿನ್ನದು ನೀನೇ ನೋಡಿಕೋ ಅಂದವಳು, ಹೈಸ್ಕೂಲು ಮುಗಿಸಿದ ಅಕ್ಕನಿಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಒಂದು ಕೂದಲೂ ಹೊರಬರದ ಹಾಗೆ ಬಿಗಿದು ಕಟ್ಟುತ್ತಿದ್ದಳು. ಅಕ್ಕನ ಬಲಮೊಳಕೈ ಪೂರ್ತಿ ಮಡಚುವುದಿಲ್ಲ, ಕೈ ತಲೆಯ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯುತ್ತಿತ್ತು. ಸಣ್ಣವಳಿದ್ದಾಗ ದನಗಳಿಗೆ ಮೇವು ಹಾಕುವ ಗೋದಲಿಯ ಮೇಲಿಂದ ಬಿದ್ದು ಕೈ ಮುರಿಯಿತು, ಮೂಳೆ ಕಟ್ಟುವವನು ಓರೆಯಾಗಿ ಕಟ್ಟಿಬಿಟ್ಟ ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿದ್ದ ಕತೆ. ಊಟಕ್ಕೆ ಕೂತರೆ ಅಕ್ಕ ಕೈಯನ್ನು ಬಾಯಿಗೆ ತರುವ ಬದಲು ಬಾಯನ್ನೇ ಕೈಗೆ ಒಯ್ಯುತ್ತಿದ್ದಳು. ಬಂದ ನೆಂಟರು ಅದನ್ನು ನೋಡಿ ಹುಡುಗಿಗೆ ಎಷ್ಟು ನಾಚಿಕೆ, ಎಷ್ಟು ವಿನಯ ಎಂದು ಹೊಗಳುತ್ತಿದ್ದರು. ಅಕ್ಕನಿಗೆ ಕವಡೆಯಷ್ಟೂ ವಿನಯವಿರಲಿಲ್ಲ.

ಊರು ಕಟಕೋಳದಿಂದ ಎರಡು ಮೈಲಿ. ಮನೆ ಅಂದರೆ ಒಳಗೆ ಕಾಲಿಟ್ಟ ಕೂಡಲೇ ದನಗಳ ಅಂಕಣ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅದರ ಹಿಂದೆ ಕತ್ತಲೆಯ ಅಡುಗೆಮನೆ. ನಮ್ಮಪ್ಪ ಈರಪ್ಪ ದನದ ಸಂತೆಯಲ್ಲಿ ದಲಾಲಿ. ಮುನವಳ್ಳಿ ಸಂತೆಯಲ್ಲಿ ಅವನ ಮಾತಿಗೆ ಎದುರು ಮಾತಿರಲಿಲ್ಲ. ಎತ್ತಿನ ತುಟಿ ಎತ್ತಿ ಒಂದು ಸಲ ಇಣುಕಿದರೆ ಸಾಕು, ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ, ಹಲ್ಲೆಲ್ಲ ಬಂದು ಬಾಯಿಗೂಡಿ ಎಷ್ಟು ಮಳೆಗಾಲ ಕಳೆದಿದೆಯೋ ಹೇಳಿಬಿಡುತ್ತಿದ್ದ. ಇಂಥ ಮನುಷ್ಯನಿಗೆ ತನ್ನ ಹಿರಿಯ ಮಗಳು ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಅವಳು ಹುಟ್ಟುವಾಗ ಅವನು ಯಾವುದೋ ಸಂತೆಯಲ್ಲಿದ್ದ. ನಾನು ಮಾತ್ರ ಹುಟ್ಟುವಾಗಲೇ ಅವ್ವನ ಜೀವಕ್ಕೆ ಕುತ್ತು ತಂದು, ದವಾಖಾನೆಯಲ್ಲಿ ಹುಟ್ಟಿದವಳು. ಹಾಗಾಗಿ ನನ್ನ ಹೆಸರಿಗೆ ಒಂದು ಕಾಗದವಿತ್ತು. ಅಕ್ಕನ ಹೆಸರಿಗೆ ಏನೂ ಇರಲಿಲ್ಲ.

ಆ ಕಾಲದಲ್ಲಿ ಮಗು ಸಾಲೆಗೆ ಬರುವಷ್ಟು ದೊಡ್ಡದಾಗಿದೆಯೇ ಎಂದು ನೋಡಲು ಮಾಸ್ತರರ ಹತ್ತಿರ ಒಂದೇ ಉಪಾಯ. ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಯಿತು, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಅಕ್ಕನನ್ನು ಅಪ್ಪ ಮೊದಲ ಸಲ ಕರೆದೊಯ್ದಾಗ ಅವಳ ಬೆರಳು ಕಿವಿಗಿಂತ ನಾಲ್ಕು ಬೆರಳು ಮೇಲೆ, ಗಾಳಿಯಲ್ಲಿ ನಿಂತಿತು. ಉದ್ದ ತೋಳಿನ ಪೋಲಕದೊಳಗೆ ಮೊಳಕೈ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡುವ ವ್ಯವಧಾನ ಐವತ್ತು ಮಕ್ಕಳ ಮುಂದೆ ನಿಂತ ಮಾಸ್ತರರಿಗೆ ಇರಲಿಲ್ಲ. ಅಕ್ಕ ಜಾಣೆ, ಎಡಗೈ ಎತ್ತಲು ಹೋದಳಂತೆ. ಅಪ್ಪ ಆ ಕೈಯನ್ನು ಹಿಡಿದು ಕೆಳಗಿಳಿಸಿದ. ಸರಸ್ವತಿ ಪೂಜೆಯ ದಿನ ಎಡಗೈ ಎತ್ತುವುದುಂಟೇ? ಮರುವರ್ಷವೂ ಅದೇ ನಾಲ್ಕು ಬೆರಳು. ಮಾಸ್ತರರು ಕನಿಕರಪಟ್ಟು ಸೇರಿಸಿಕೊಂಡರು, ಆದರೆ ಆಗತಾನೇ ಆರು ತುಂಬಿದೆ ಎಂದು ಬರೆದುಕೊಂಡರು. ಎತ್ತಿನ ಹಲ್ಲು ನೋಡುವ ನಮ್ಮಪ್ಪ, ಮಗಳು ಬಾಯಿ ಬಿಟ್ಟು ನಗುವಾಗ ಅವಳ ಹಲ್ಲನ್ನಾದರೂ ನೋಡಬಾರದಾಗಿತ್ತೇ ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ಒಂದು ಸಾಲು ಹತ್ತು ವರ್ಷ ಸುಮ್ಮನೆ ಮಲಗಿತ್ತು. ಅಕ್ಕ ಮೆಟ್ರಿಕ್ ಪಾಸಾದ ಬೇಸಿಗೆಯಲ್ಲಿ ಎದ್ದು ಕೂತಿತು. ಧಾರವಾಡದಲ್ಲಿ ಮಾಸ್ತರಿಕೆಯ ಟ್ರೇನಿಂಗಿಗೆ ಅರ್ಜಿ ಹಾಕಬೇಕೆಂದರೆ ಹದಿನೇಳು ತುಂಬಿರಬೇಕು. ಕಾಗದದಲ್ಲಿ ಅಕ್ಕನಿಗೆ ಹದಿನಾರು. ಅತ್ತ ಸಾಲಹಳ್ಳಿಯಲ್ಲಿ ಅವ್ವನ ತಮ್ಮ ಬಸಪ್ಪ ಮಾಮನ ಹೆಂಡತಿ ಎರಡು ಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದಳು, ಚಿಕ್ಕದಕ್ಕೆ ಆಡಿನ ಹಾಲು ಕುಡಿಸುತ್ತಿದ್ದರು. ಹಿರಿಯವಳು ಶಾಂತಾಳನ್ನು ನಿನಗೇ ಕೊಡುತ್ತೇನೆ ಎಂದು ಅವ್ವ ತಮ್ಮನ ಕೈ ಹಿಡಿದು ಮಾತು ಕೊಟ್ಟು ಬಂದಿದ್ದಳು. ಮದುವೆಗೆ ಬೆಳೆದು ನಿಂತ ಹುಡುಗಿ, ಟ್ರೇನಿಂಗಿಗೆ ಮಾತ್ರ ಇನ್ನೂ ಕೂಸು. ಒಂದೇ ಮನೆಯಲ್ಲಿ ಒಬ್ಬಳೇ ಹುಡುಗಿಗೆ ಎರಡು ವಯಸ್ಸು. ನಿಶ್ಚಯಕ್ಕೆ ಹದಿನೈದು ದಿನ, ಅರ್ಜಿಗೂ ಹೆಚ್ಚುಕಡಿಮೆ ಅಷ್ಟೇ. ಅಪ್ಪನಿಗೆ ಮಗಳು ಟೀಚರಾಗಲಿ ಎಂಬ ಆಸೆ ಇತ್ತು, ಹೆಂಡತಿಯ ಮಾತು ಮೀರುವ ಧೈರ್ಯ ಇರಲಿಲ್ಲ. ಅವನು ದಿನಾ ಅವ್ವನ ಮುಂದೆ ಕೂತು ಅದನ್ನೇ ಕೇಳುತ್ತಿದ್ದ.

"ನೀ ಹಡದಾಕಿ ಅದಿ. ಯಾವ ವರ್ಷ ಅಂತ ನಿನಗ ನೆನಪ ಇರೂದಿಲ್ಲೇನು?"

"ಇಲ್ಲಂತ ಎಷ್ಟ ಸಲ ಹೇಳ್ಲಿ? ಕೂಸ ಹಡೀತಾರೋ, ಕ್ಯಾಲೆಂಡರ್ ನೋಡತಾರೋ?"

ಒಂದು ದಿನ ದನಗಳ ಅಂಕಣದಲ್ಲಿ ಸಗಣಿ ಬಳಿಯುತ್ತಿದ್ದ ಅಕ್ಕ, ತಲೆ ಎತ್ತದೆ ನನಗಷ್ಟೇ ಕೇಳುವಂತೆ ಹೇಳಿದಳು.

"ನಾ ಸಾಲಹಳ್ಳಿಗೆ ಹೋಗಾಂಗಿಲ್ಲ ನೀಲಾ. ನಮ್ಮ ಹಿತ್ತಲದಾಗ ಬಾವಿ ಐತಿ."

ನನಗಾಗ ಹನ್ನೊಂದೂವರೆ. ಅವತ್ತಿನಿಂದ ಅಕ್ಕ ಕೊಡ ಎತ್ತಿದರೆ ನಾನು ಹಿಂದೆ. ಅವಳು ಬಾವಿಯ ಕಡೆ ಮುಖ ಮಾಡಿದರೆ ಊಟ ಬಿಟ್ಟು ಓಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಿದರೆ ಅಕ್ಕ ನನ್ನನ್ನು ಎಂದೂ ನಂಬುವುದಿಲ್ಲ ಎನ್ನುವ ಭಯ.

ಆ ಬೇಸಿಗೆ ನಮ್ಮ ಪಡಸಾಲೆಯ ಕೋಣೆಯಲ್ಲಿ ಒಬ್ಬ ತರುಣ ಬಿಡಾರ ಮಾಡಿದ್ದ. ರಾಮದುರ್ಗ, ಸವದತ್ತಿ ಸುತ್ತಿನ ಗುಡ್ಡಗಳಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆದು ಚೀಲದಲ್ಲಿ ತುಂಬಿಕೊಂಡು ಬರುವುದು ಅವನ ನೌಕರಿ. ಊರವರು ಅವನನ್ನು ಕಲ್ಲು ಸಾಹೇಬ ಎನ್ನುತ್ತಿದ್ದರು. ಊಟಕ್ಕೆ ನಮ್ಮಲ್ಲೇ ರೊಟ್ಟಿ. ಬಂದ ದಿನವೇ ಅಲೆಯ ಕಲ್ಲಿನ ಮುಂದೆ ಮೊಣಕಾಲೂರಿ ಕೂತ. ಅವ್ವ ಹೆದರಿ ಒಗೆಯುವುದನ್ನು ನಿಲ್ಲಿಸಿದಳು.

"ಏನೂ ಇಲ್ಲ ಬಾಯಾರ, ಒಗೀರಿ. ಇದು ಒಂದು ಕಾಲಕ್ಕ ನೀರಿನ ದಂಡಿ ಮ್ಯಾಲಿನ ಉಸುಕು ಅದ. ಅಲೆ ಮೂಡಿದ್ದು ಹಂಗ ಗಟ್ಟಿಯಾಗಿ ಕಲ್ಲಾಗೇದ. ನೂರು ಕೋಟಿ ವರ್ಷದಕಿಂತಾ ಹಿಂದಿನ ಮಾತು."

"ಯಾರು ಎಣಿಸ್ಯಾರ?" ಅಂದಳು ಅಕ್ಕ. ಕೇಳಿದ್ದು ಕುತೂಹಲಕ್ಕಲ್ಲ, ಸಿಟ್ಟಿಗೆ. ಹದಿನೇಳು ವರ್ಷವನ್ನು ಎಣಿಸಲಾರದ ಜನ ನೂರು ಕೋಟಿ ಎಣಿಸುತ್ತಾರಂತೆ.

ಅವನಿಗೆ ಅಷ್ಟೇ ಬೇಕಾಗಿತ್ತು. ಅವತ್ತು ರೊಟ್ಟಿ ಆರಿ ಹೋಗುವ ತನಕ ಹೇಳಿದ, ಮುಂದಿನ ದಿನಗಳಲ್ಲೂ ಹೇಳಿದ. ಹಿಂದೆ ಒಬ್ಬ ದೊಡ್ಡ ವಿಜ್ಞಾನಿ ಭೂಮಿ ಕಾದ ಮುದ್ದೆಯಾಗಿದ್ದು ಇಷ್ಟು ಆರಲು ಎಷ್ಟು ಕಾಲ ಬೇಕು ಎಂದು ಗಣಿತ ಮಾಡಿದನಂತೆ. ಕೆಲವೇ ಕೋಟಿ ವರ್ಷ ಬಂತು. ಗಣಿತ ಸರಿಯಾಗಿತ್ತು, ಉತ್ತರ ತೀರ ಕಡಿಮೆ. ಭೂಮಿಯ ಒಳಗೆ ಕಾವು ಹೇಗೆ ಹೊರಳಾಡುತ್ತದೆ, ಹೊಸ ಕಾವು ಎಲ್ಲಿ ಹುಟ್ಟುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ ಕಲ್ಲಿನೊಳಗೇ ಗಡಿಯಾರ ಸಿಕ್ಕಿತು. ಯುರೇನಿಯಂ ಎಂಬ ಧಾತು ತನ್ನಷ್ಟಕ್ಕೆ ಸೀಸವಾಗುತ್ತಾ ಹೋಗುತ್ತದೆ, ಬಿಸಿಲಿಗೂ ಮಳೆಗೂ ಅದರ ನಡಿಗೆ ಬದಲಾಗುವುದಿಲ್ಲ. ಅವನು ನಮ್ಮ ಮನೆಯ ಮುಂದಿನ ಜೋಳ ತುಂಬಿಡುವ ನೆಲದೊಳಗಿನ ಹಗೇವು ತೋರಿಸಿ ಹೇಳಿದ, ಬಾಯಿ ಮುಚ್ಚಿದ ಹಗೇವಿನಲ್ಲಿ ಇಂತಿಷ್ಟು ಕಾಲಕ್ಕೆ ಇದ್ದುದರಲ್ಲಿ ಅರ್ಧ ಜೋಳ ಹೊಟ್ಟಾಗುತ್ತದೆ ಅನ್ನು, ಮತ್ತೆ ಅಷ್ಟೇ ಕಾಲಕ್ಕೆ ಉಳಿದುದರಲ್ಲಿ ಅರ್ಧ. ಹೊರಗಿನಿಂದ ಯಾರೂ ಹಾಕಿಲ್ಲ, ತೆಗೆದಿಲ್ಲ ಎಂದಾದರೆ ಜೋಳ ಎಷ್ಟು ಹೊಟ್ಟು ಎಷ್ಟು ನೋಡಿದರೆ ಹಗೇವು ಮುಚ್ಚಿದ್ದು ಯಾವಾಗ ಎಂದು ತಿಳಿಯುತ್ತದೆ. ಕಲ್ಲಿನಲ್ಲಿ ಇಂಥ ಯುರೇನಿಯಂ ಎರಡು ಬಗೆ, ಒಂದು ಬೇಗ, ಒಂದು ನಿಧಾನ. ಎರಡೂ ಒಂದೇ ವಯಸ್ಸು ಹೇಳಿದರೆ ಮಾತ್ರ ನಂಬಬೇಕು.

"ಅಂದ್ರ ಭೂಮಿಯೊಳಗಿನ ಎಲ್ಲಾರಕಿಂತಾ ಹಳೇ ಕಲ್ಲು ಹುಡುಕಿದ್ರ ಆತಲ್ಲ," ಅಂದಳು ಅಕ್ಕ. ಅವಳಿಗೆ ಅಷ್ಟರಲ್ಲಿ ಸಿಟ್ಟು ಮರೆತುಹೋಗಿತ್ತು.

"ಅಲ್ಲೇ ತೊಡಕು ಅದ ನೋಡು. ಭೂಮಿ ತನ್ನ ಮೊದಲಿನ ಕಲ್ಲು ತಾನ ಕರಗಿಸಿ ಬಿಟ್ಟದ. ಹುಟ್ಟಿದ ಗುರುತು ಉಳದಿಲ್ಲ. ಅದಕ್ಕ ಏನ ಮಾಡಿದ್ರು ಅಂದ್ರ, ಆಕಾಶದಿಂದ ಬೀಳ್ತಾವಲ್ಲ ಉಲ್ಕೆ, ಅವು ಭೂಮಿ ಜೋಡೀನ ಹುಟ್ಟಿದವು, ಒಡಹುಟ್ಟಿದವು. ಅವು ಕರಗಿಲ್ಲ. ಅವುಗಳ ವಯಸ್ಸು ನೋಡಿ ಭೂಮೀದು ಹೇಳಿದ್ರು. ನಾನೂರ ಐವತ್ತು ಕೋಟಿ ವರ್ಷದ ಮ್ಯಾಲ."

ಅಕ್ಕ ಎದ್ದು ಅಂಕಣದಲ್ಲಿದ್ದ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ಹಸೀನಾ ಈಗ ಎಲ್ಲಿ ಅದಾಳು?"

ಹಸೀನಾ ನಮ್ಮ ಪಕ್ಕದ ಮನೆಯಲ್ಲಿದ್ದ ಲಾರಿ ಡ್ರೈವರ್ ಮದಾರಸಾಬನ ಮಗಳು. ಅವಳೂ ಅಕ್ಕನೂ ಒಂದೇ ದಿನ, ಒಂದೇ ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವರು. ಅವ್ವನ ಎದೆಯಲ್ಲಿ ಹಾಲು ಇಳಿಯದೆ, ಹಸೀನಾಳ ತಾಯಿ ಖಾತೂನಬಿ ಇಬ್ಬರಿಗೂ ಕುಡಿಸಿ ಬೆಳೆಸಿದ್ದಳು. ಮದಾರಸಾಬ ಮಗಳು ಹುಟ್ಟಿದ ತಾರೀಖನ್ನು ತನ್ನ ತಗಡಿನ ಟ್ರಂಕಿನ ಮುಚ್ಚಳದ ಒಳಗೆ ಲಾರಿಗೆ ಹಚ್ಚುವ ಬಿಳಿ ಬಣ್ಣದಲ್ಲಿ ಬರೆದಿದ್ದು ಅಪ್ಪನಿಗೆ ನೆನಪಿತ್ತು. ಅವರು ಕಿತ್ತೂರಿಗೆ ಹೋಗಿ ವರ್ಷಗಳೇ ಆಗಿದ್ದವು. ಮರುದಿನವೇ ಅಪ್ಪ, ಅಕ್ಕ, ನಾನು ಬಸ್ಸು ಹತ್ತಿದೆವು. ನನ್ನನ್ನು ಬಿಟ್ಟು ಹೋಗಲು ನಾನೇ ಬಿಡಲಿಲ್ಲ.

ಕಿತ್ತೂರಿನಲ್ಲಿ ಖಾತೂನಬಿ ಅಕ್ಕನನ್ನು ತಬ್ಬಿ ಅತ್ತಳು. ಮದಾರಸಾಬ ತೀರಿಕೊಂಡಿದ್ದ. ಹಸೀನಾ ಬಾಣಂತನಕ್ಕೆ ತವರಿಗೆ ಬಂದಿದ್ದಳು, ತೊಡೆಯ ಮೇಲೆ ಕೂಸು. ಅಕ್ಕನ ಜೊತೆಗೇ ಹುಟ್ಟಿದವಳು ತಾಯಿಯಾಗಿ ಕೂತಿದ್ದಾಳೆ, ಅಕ್ಕನಿಗೆ ಸರಕಾರದ ಲೆಕ್ಕದಲ್ಲಿ ಹದಿನೇಳೂ ಆಗಿಲ್ಲ. ಟ್ರಂಕೂ ಅಲ್ಲೇ ಮೂಲೆಯಲ್ಲಿತ್ತು. ಹಸೀನಾಳ ಮದುವೆಗೆಂದು ಅದಕ್ಕೆ ಒಳಗೂ ಹೊರಗೂ ದಟ್ಟ ಹಸಿರು ಬಣ್ಣ ಬಳಿಸಿದ್ದರು.

"ಹಳೇದು ಅಂತ ಬಣ್ಣಾ ಹಚ್ಚಿಸೇವಿ ಅಣ್ಣಾ, ಗೊತ್ತಿದ್ರ ಹಚ್ಚಸ್ತಿದ್ದಿಲ್ಲ," ಅಂದಳು ಖಾತೂನಬಿ, ತಪ್ಪು ಮಾಡಿದವಳ ಹಾಗೆ. ವರ್ಷ ಅವಳಿಗೂ ನೆನಪಿರಲಿಲ್ಲ. "ಮಳಿಗಾಲದಾಗ, ಹೊಳಿ ಬಂದಿತ್ತು. ನಿನ್ನ ಹೇಣ್ತಿಗೆ ಕೇಳು, ಆಕಿ ಒಂದೂ ಮರಿಯಾಕಿ ಅಲ್ಲ."

ಅಕ್ಕ ಚಾಕು ಕೇಳಿದಳು. ಮುಚ್ಚಳವನ್ನು ಬಾಗಿಲ ಬೆಳಕಿಗೆ ಹಿಡಿದು ಉಗುರಿನಷ್ಟು ಉಗುರಿನಷ್ಟೇ ಹಸಿರನ್ನು ಕೆರೆಯತೊಡಗಿದಳು. ಕೆಳಗೆ ಬಿಳಿ ಕಂಡಿತು. ತಾರೀಖು ಬಂತು, ತಿಂಗಳು ಬಂತು, ವರ್ಷದ ಮೊದಲ ಮೂರು ಅಂಕಿ ಬಂದವು. ಮಡಚದ ಮೊಳಕೈ ನೋವಿಗೆ ನಡುಗುತ್ತಿತ್ತು. ಅಪ್ಪನಿಗೆ ತಡೆಯಲಾಗಲಿಲ್ಲ. ಕೊಡು ಇಲ್ಲಿ ಎಂದು ಚಾಕು ಕಸಿದುಕೊಂಡು, ಎತ್ತಿನ ಗೊರಸು ಹೆರೆಯುವ ಕೈಯಿಂದ ಜೋರಾಗಿ ಒಂದೇ ಸಲ ಎಳೆದ. ಹಸಿರಿನ ಜೊತೆ ಬಿಳಿಯೂ ಎದ್ದು ಬಂತು. ಕೊನೆಯ ಅಂಕಿ ಇದ್ದ ಜಾಗದಲ್ಲಿ ಬರೀ ತಗಡು. ಅಪ್ಪ ಚಾಕು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಅಳಲಿಲ್ಲ. ಅದೇ ನನಗೆ ಹೆಚ್ಚು ಭಯ. ಖಾತೂನಬಿ ಮುಚ್ಚಳದ ತಿರುಪುಮೊಳೆ ಬಿಚ್ಚಿ, ಮುಚ್ಚಳವನ್ನೇ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ವಯಸ್ಸು ತಿದ್ದಲು ಹುಕುಂ ಕೊಡುವ ಸಾಹೇಬರು ಕೂರುವುದು ಬೈಲಹೊಂಗಲದಲ್ಲಿ. ತಾಯಿಯ ಹೇಳಿಕೆ ಇಲ್ಲದೆ ಅರ್ಜಿಯನ್ನೇ ನೋಡುವುದಿಲ್ಲ ಎಂದಿದ್ದರು. ನಿಶ್ಚಯಕ್ಕೆ ಮೂರು ದಿನ ಉಳಿದಿತ್ತು. ಅವ್ವ ಬರಲು ಒಪ್ಪಿದಳು, ಅಷ್ಟು ಸುಲಭವಾಗಿ ಒಪ್ಪಿದ್ದು ಯಾಕೆಂದು ನನಗೆ ಆಗಲೇ ಅನುಮಾನ. ಅಪ್ಪ ಟ್ರಂಕಿನ ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದ. ಜನ ನಕ್ಕರು. ನಾನು ನನ್ನ ದವಾಖಾನೆಯ ಕಾಗದವನ್ನು ಲಂಗದ ಕಿಸೆಯಲ್ಲಿ ಇಟ್ಟುಕೊಂಡಿದ್ದೆ, ಯಾಕೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿದ್ದ ಹುಟ್ಟಿದ ಕಾಗದ ಅದೊಂದೇ, ಇರಲಿ ಅಂತ.

ಸಾಹೇಬರು ಮುಚ್ಚಳ ನೋಡಿದರು, ಬೆರಳಿಂದ ಸವರಿದರು. ಕೊನೆಯ ಅಂಕಿ ಇಲ್ಲದಿದ್ದರೆ ಏನು ಮಾಡಲಿ ಅಂದರು. ಅವ್ವನ ಕಡೆ ತಿರುಗಿ ಮಗಳು ಹುಟ್ಟಿದ್ದು ಯಾವಾಗ ಎಂದು ಕೇಳಿದರು.

"ನೆನಪಿಲ್ರಿ. ಸಾಲ್ಯಾಗ ಬರದದ್ದ ಖರೆ ಇರಬೇಕ್ರಿ," ಅಂದಳು ಅವ್ವ. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

ಸಾಹೇಬರು ಪೆನ್ನು ಮುಚ್ಚಿದರು. ಮುಗಿಯಿತು ಅಂದುಕೊಂಡೆ. ನನಗೆ ನಮ್ಮ ಬಾವಿ ಕಣ್ಣಿಗೆ ಕಟ್ಟಿತು, ಅದರ ತಣ್ಣನೆಯ ವಾಸನೆ ಸಹಿತ. ಆಗ ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು.

"ಸಾಹೇಬ್ರ, ನನ್ನ ವಯಸ್ಸು ಹೆಂಗ ಬರಕೊಂಡಾರ ತೋರಸ್ತೇನ್ರಿ."

ಬಲಗೈ ಎತ್ತಿ ತಲೆಯ ಮೇಲಿಂದ ತಂದಳು. ಬೆರಳುಗಳು ಕಿವಿಗಿಂತ ನಾಲ್ಕು ಬೆರಳು ಮೇಲೆ, ಗಾಳಿಯಲ್ಲಿ ನಿಂತವು. ಮುಖ ಕೆಂಪಾಗುವ ತನಕ ಒತ್ತಿದಳು. ಇಳಿಯಲಿಲ್ಲ.

"ಇದರ ಲೆಕ್ಕದಾಗ ನಾ ಇನ್ನೂ ಸಾಲಿಗೆ ಸೇರೂವಷ್ಟು ದೊಡ್ಡಾಕಿ ಆಗಿಲ್ರಿ."

ಎಡಗೈ ಎತ್ತಿ ಸಲೀಸಾಗಿ ಬಲಗಿವಿ ಹಿಡಿದುಕೊಂಡಳು.

"ಇದರ ಲೆಕ್ಕದಾಗ ಆಗೇನ್ರಿ. ಯಾವ ಕೈ ಖರೆ ಅಂತ ನೀವ ಹೇಳ್ರಿ."

ಸಾಹೇಬರು ಕುರ್ಚಿಯಿಂದ ಮುಂದೆ ಬಾಗಿದರು. "ಆ ಕೈಗೆ ಏನಾಗಿದೆ? ಯಾವಾಗ ಆಯಿತು?"

ಅಪ್ಪ ಗೋದಲಿಯ ಕತೆ ಹೇಳಲು ಬಾಯಿ ತೆರೆದ. ಅವ್ವ ಅವನ ಮಾತನ್ನು ಕತ್ತರಿಸಿದಳು.

"ನಾ ಮುರದೇನ್ರಿ ಅದನ್ನ."

ಅವ್ವ ಸೆರಗು ಕೆಳಗೆ ಬಿಟ್ಟಿದ್ದಳು. ನನ್ನ ಕಡೆ ಕೈ ಮಾಡಿದಳು.

"ಈಕಿ ತೊಟ್ಟಲದಾಗಿದ್ಲು, ಮೂರು ತಿಂಗಳ ಕೂಸು. ದೊಡ್ಡಾಕಿ ಎತ್ತಾಕ ಹೋಗಿ ಒಲೀ ಮುಂದ ಕೆಡವಿದ್ಲು. ನನಗ ಕಣ್ಣ ಕಾಣಲಿಲ್ಲ, ಕೈ ಹಿಡದು ತಿರುವಿ ಒಗದೆ. ಲಟ್ಟ ಅಂತು. ಆಕಿಗೆ ಆರು ತುಂಬಿ ಏಳು ನಡದಿತ್ರಿ. ಮುಂದಿನ ಹಾಲಹಲ್ಲು ಬಿದ್ದು ಎರಡ ದಿನಾ ಆಗಿತ್ತು, ಮಾಳಿಗಿ ಮ್ಯಾಲ ನಾನ ಒಗದಿದ್ದೆ. ಇದರಾಗ ಒಂದೂ ಸುಳ್ಳಲ್ರಿ."

ನಾನು ಕಿಸೆಯಿಂದ ನನ್ನ ಕಾಗದ ತೆಗೆದು ಮೇಜಿನ ಮೇಲಿಟ್ಟೆ. ಸಾಹೇಬರು ನನ್ನ ಹುಟ್ಟಿದ ದಿನಕ್ಕೆ ಮೂರು ತಿಂಗಳು ಕೂಡಿಸಿದರು, ಅದರಿಂದ ಆರು ವರ್ಷ ಹಿಂದಕ್ಕೆ ಹೋಗಿ, ಮುಚ್ಚಳದ ಮೇಲಿನ ತಿಂಗಳಿನ ಮೇಲೆ ಪೆನ್ನು ನಿಲ್ಲಿಸಿದರು. ಅಲ್ಲಿ ಕೂರಬಹುದಾದ ಅಂಕಿ ಒಂದೇ ಒಂದು. ಹದಿನೇಳು ತುಂಬಿ ಒಂಬತ್ತು ತಿಂಗಳಾಗಿತ್ತು. ಅವ್ವನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮರಳಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಅವಳಿಗೂ ಗೋದಲಿಯ ಕತೆಯೇ ನಿಜವಾಗಿತ್ತು, ಆರು ವರ್ಷದ ಮಗುವಿಗೆ ಹೇಳಿ ಹೇಳಿ ನೆನಪನ್ನೇ ಬದಲಿಸಿದ್ದರು. ಗೆದ್ದ ಖುಷಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬಸಪ್ಪ ಮಾಮ ನಿಶ್ಚಯದ ದಿನ ಬಂದವನು ಹೊಸ್ತಿಲು ದಾಟದೆ, ನೀರೂ ಮುಟ್ಟದೆ ಹೋದ. ಆಮೇಲೆ ಅವ್ವನಿಗೆ ಪಂಚಮಿಗೆ ತವರಿನಿಂದ ಕರೆ ಬರಲಿಲ್ಲ, ಅವಳು ಸಾಯುವ ತನಕ ಬರಲಿಲ್ಲ. ನಾನು ಮುಂದೆ ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದೆ. ಭೂಮಿಯ ವಯಸ್ಸಿನ ಪಾಠ ಬಂದಾಗಲೆಲ್ಲ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವ ಕಲ್ಲುಗಳ ಬಗ್ಗೆ ನನ್ನ ಧ್ವನಿ ತಾನಾಗಿ ಗಟ್ಟಿಯಾಗುತ್ತಿತ್ತು. ಹುಡುಗರು ಟೀಚರಿಗೆ ಯಾಕೆ ಸಿಟ್ಟು ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಬೈಲಹೊಂಗಲದಿಂದ ಬಂದ ಮೇಲೆ ಅಕ್ಕ ಜಡೆಗೆ ಕೂರಲಿಲ್ಲ. ಎಡಗೈಯಿಂದ ಕೂದಲನ್ನು ಹೇಗೋ ಗಂಟು ಹಾಕಿಕೊಂಡು ಓಡಾಡಿದಳು, ನಾನು ಹಾಕುತ್ತೇನೆಂದರೂ ಬೇಡ ಅಂದಳು. ಅವ್ವ ಮಾತ್ರ ದಿನಾ ಬೆಳಿಗ್ಗೆ ಹಣಿಗೆ, ಎಣ್ಣೆ ಬಟ್ಟಲು ತಗೊಂಡು ಅಲೆಯ ಕಲ್ಲಿನ ಮೇಲೆ ಕೂತು, ಬಿಸಿಲು ಬಾವಿಯ ಕಟ್ಟೆಗೆ ಬರುವ ತನಕ ಕಾದು, ಎದ್ದು ಹೋಗುತ್ತಿದ್ದಳು. ಇಷ್ಟು ವರ್ಷ ನಾನು ಮುದ್ದು ಅಂದುಕೊಂಡು ಹೊಟ್ಟೆ ಉರಿಸಿಕೊಂಡಿದ್ದು ಏನೆಂದು ನನಗೀಗ ಗೊತ್ತಾಗಿತ್ತು. ಧಾರವಾಡಕ್ಕೆ ಹೊರಡುವ ದಿನ ಅಪ್ಪ ಬಂಡಿ ಹೂಡುತ್ತಿದ್ದ. ಅಕ್ಕ ಹಿತ್ತಲಿಗೆ ಬಂದಳು. ನಾನು ಅಭ್ಯಾಸದಿಂದ ಅವಳ ಹಿಂದೆಯೇ ಓಡಿದೆ. ಅವಳು ಬಾವಿಯನ್ನು ದಾಟಿ ಹೋಗಿ ಅವ್ವನ ಮುಂದೆ, ಬೆನ್ನು ಮಾಡಿ ಕೂತಳು. ಸಿಕ್ಕುಗಟ್ಟಿದ ಕೂದಲನ್ನು ಅವ್ವ ತುದಿಯಿಂದ ಬಿಡಿಸಲು ಶುರು ಮಾಡಿದಳು. ಅವಳು ಎಣ್ಣೆ ಹಚ್ಚಿ ಮೂರು ಎಳೆ ಮಾಡುವಾಗ ಅಕ್ಕ ತಿರುಗಿ ನೋಡದೆ ಹೇಳಿದಳು.

"ಬಿಗಿ ಹಾಕ ಯವ್ವಾ. ದೀಪಾವಳಿಗೆ ಬರ್ತೇನಿ. ಅಲ್ಲೀತನಕ ಬಿಚ್ಚಬಾರದು."